ರಾಗಿ ಕಣ ಅಲ್ಲ
ಎರಡು ಸಾವಿರದ ಆರರ ಸುಮಾರು. ನನ್ನ ತಮ್ಮನ ಮಗಳು ಕಾರ್ಬನ್ ನ್ಯಾನೋಟ್ಯೂಬುಗಳಲ್ಲಿ ವೇಗವಾಗಿ ಹಾಯುವ ಕಣಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ನಗರಗೆರೆಯಿಂದ ಅವಳನ್ನು ನೋಡಲು ಬಂದವರು ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಾಲ್‌ನಲ್ಲಿ ಕೂತಿದ್ದರು. ಸುಲಭವಾಗಲೆಂದು ತಮ್ಮ, “ಕಣದ ಮೇಲೆ ಓದ್ತಾಳೆ” ಅಂದ. ಹುಡುಗನ ತಾಯಿಯ ಮುಖ ಅರಳಿತು.

“ಒಕ್ಕೋ ಕಣಾನಾ? ನಮ್ದೂ ದೊಡ್ಡ ಕಣ ಕಣಮ್ಮ! ಮದ್ವೆ ಆದ್ಮೇಲೂ ಓದ್ಕೊಳ್ಳಮ್ಮ.”

ಓದು ನಿಲ್ಲಿಸು ಎನ್ನದ ಮೊದಲ ಸಂಬಂಧ ಅದು. ಸುಮ್ಮನಿರು ಎಂದು ತಮ್ಮ ನನಗೆ ಕಣ್ಣಲ್ಲೇ ಹೇಳಿದ.

ಅವಳೇ ಬಾಯಿಬಿಟ್ಟಳು. “ರಾಗಿ ಕಣ ಅಲ್ಲ ಆಂಟಿ. ಕರೆಂಟಿರೋ ಪುಟ್ಟ ಚೂರು. ಕೂದಲಿಗಿಂತ ಎಷ್ಟೋ ಸಣ್ಣ ಕೊಳವೆಯೊಳಗೆ, ಗೋಡೆ ಮುಟ್ಟದೇನೇ ಓಡುತ್ತೆ. ಆದ್ರೂ ಗೋಡೇಲಿರೋ ಎಲೆಕ್ಟ್ರಾನ್‌ಗಳು ಅಲ್ಲಾಡಿ ಅದನ್ನ ಹಿಂದಕ್ಕೆ ಎಳೀತವೆ.”

“ಅದ್ರಿಂದ ಏನ್ ಬೆಳೀತದಮ್ಮ?”

“ಏನೂ ಬೆಳೆಯಲ್ಲ ಆಂಟಿ.”

ಆಕೆ ಕಾಫಿ ಲೋಟ ಕೆಳಗಿಟ್ಟರು. “ಹಂಗಾದ್ರೆ ಓದು ಮುಗಿಸ್ಕೊಂಡೇ ಮದ್ವೆ ಆಗು ತಾಯಿ” ಎಂದು ಮೆಲ್ಲಗೆ ಎದ್ದರು. ವೆರಿ ಡೀಸೆಂಟ್ ಪೀಪಲ್, ಒಂದು ಕೆಟ್ಟ ಮಾತೂ ಆಡಲಿಲ್ಲ.

ಅಂದಿನಿಂದ ನನ್ನ ತಮ್ಮ ಮಗಳ ಜೊತೆ ಮಾತು ಬಿಟ್ಟ. ಊಟಕ್ಕೆ ಕರೆಯಬೇಕಾದರೂ, ಅವಳು ಎದುರಿಗೇ ಇದ್ದರೂ, “ಅವಳಿಗೆ ಹೇಳಕ್ಕಾ” ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ.