ಬ್ರೇಕಮ್ಮನ ಪಕ್ಕದ ಸೀಟು

ಅವಳ ನಿಜವಾದ ಹೆಸರು ಡ್ರೈವಿಂಗ್ ಶಾಲೆಯ ಬೋರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲೇ ಇತ್ತು. ಆದರೂ ಊರೆಲ್ಲ ಅವಳನ್ನು ಕರೆಯುತ್ತಿದ್ದುದು ಬ್ರೇಕಮ್ಮ ಎಂದೇ. ಕಲಿಯಲು ಬಂದವರು ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಹಾವು ಹಿಡಿದಂತೆ ಹಿಡಿದುಕೊಳ್ಳುತ್ತಿದ್ದರು. ಇವಳು ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಗೆಂದೇ ಹಾಕಿಸಿದ್ದ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದಳು. ಆ ಪಾದದಿಂದ ಬದುಕಿಕೊಂಡ ಕೋಳಿಗಳೆಷ್ಟೋ, ಲೈಟುಕಂಬಗಳೆಷ್ಟೋ. ಒಮ್ಮೆ ಟ್ರಾಫಿಕ್ ಪೊಲೀಸನೊಬ್ಬ ಬಂಪರಿನಿಂದ ಒಂದು ಗೇಣು ದೂರದಲ್ಲಿ ಉಳಿದು, ದಂಡ ಹಾಕುವುದನ್ನು ಮರೆತು ಕೈಮುಗಿದಿದ್ದನು. ನಿಲ್ಲಿಸುವುದೂ ಒಂದು ವಿದ್ಯೆಯೇ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ, ಅಷ್ಟೆ.

ಊರಿಗೆಲ್ಲ ಕಾರು ಕಲಿಸಿದವಳಿಗೆ ಕಟ್ಟಿಕೊಂಡ ಗಂಡನಿಗೆ ಕಲಿಸಲಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಗಂಡ ದರ್ಜಿ. ಶಾಲೆಯ ಗೋಡೆಗೆ ಅಂಟಿಕೊಂಡ ಕೋಣೆಯಲ್ಲೇ ಅವನ ಅಂಗಡಿ. ವರ್ಷಾನುಗಟ್ಟಲೆ ಹೊಲಿಗೆ ಯಂತ್ರ ತುಳಿದು ತುಳಿದು ಅವನ ಕಾಲಿಗೆ ಒಂದೇ ಪಾಠ ಗೊತ್ತಿತ್ತು: ಪೆಡಲ್ ಕಂಡರೆ ತುಳಿ, ಬಿಡು, ತುಳಿ, ಬಿಡು. ಆಕ್ಸಿಲರೇಟರನ್ನೂ ಹಾಗೆಯೇ ತುಳಿದ. ಕಾರು ಕಪ್ಪೆಯಂತೆ ಕುಪ್ಪಳಿಸಿ ಎದುರಿನ ಕಾಂಪೌಂಡನ್ನು ಮುಟ್ಟಿ ಬಂದಿತು. ಅಂದಿನಿಂದ ಗಂಡಹೆಂಡಿರು ಆ ವಿಷಯ ಎತ್ತಿದವರಲ್ಲ.

ಹೀಗಿರುವಾಗ ಒಂದು ದಿನ ಎಡಬಲ ಅಂಗಡಿಗೆ ಬಂದಳು. ಎಡಬಲ ಎಂದರೆ ಬ್ರೇಕಮ್ಮನ ಹಳೆಯ ಶಿಷ್ಯೆ. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಈಗ ಅವಳು ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಹೊಸಬರಿಗೆ ತರಬೇತಿ ಕೊಡುತ್ತಿದ್ದಳು. ಯಾರಿಗೆ ಯಾವಾಗ ಏನು ಒಲಿಯುತ್ತದೋ ಯಾರು ಬಲ್ಲರು. ಜಿಪ್ಪು ಕಿತ್ತುಹೋದ ಜಾಕೆಟ್ಟನ್ನು ದರ್ಜಿಯ ಕೈಗೆ ಕೊಟ್ಟು, ಮಾತಿಗೆ ಮಾತು ಬಂದು, ಅಲ್ಲೇ ಕೂತಿದ್ದ ಬ್ರೇಕಮ್ಮನನ್ನು ಕೇಳಿದಳು:

"ಮೇಡಂ, ನೀವು ಯಾವತ್ತಾದ್ರೂ ಜೋರಾಗಿ ಓಡಿಸಿದ್ದೀರಾ?"

ಕೀಟಲೆಗೆ ಕೇಳಿದ್ದಲ್ಲ ಅದು. ಬ್ರೇಕಮ್ಮ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಓಡಿಸುತ್ತಿದ್ದಳು, ನಿಜ. ಆ ಗಲ್ಲಿಗಳಲ್ಲಿ ಸೈಕಲ್ಲುಗಳೇ ಅವಳನ್ನು ಹಿಂದೆ ಹಾಕುತ್ತಿದ್ದವು. ಎಡಬಲ ಹೋದಮೇಲೂ ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಹೊರಗೆ ಬರಲೊಲ್ಲದು.

"ನಂಗೆ ನಿಲ್ಸೋಕೆ ಮಾತ್ರ ಬರೋದೇನ್ರೀ?" ಎಂದು ಗಂಡನನ್ನು ಕೇಳಿದಳು.

ದರ್ಜಿ ದಾರ ಕಡಿಯುತ್ತ, "ಗುಂಡಿ ಹಾಕೋನಿಗೆ ಷರಟು ಹೊಲಿಯೋಕೆ ಬರಲ್ಲ ಅಂತ ಯಾರಾದ್ರೂ ಅಂತಾರಾ?" ಎಂದ.

"ಬರೀ ಗುಂಡಿನೇ ಹಾಕ್ತಾ ಕೂತಿದ್ರೆ ಅಂತಾರೆ."

"ಹಾಗಾದ್ರೆ ಹೋಗಿ ಒಂದು ಷರಟು ಹೊಲಿದು ಬಾ. ನಾನೂ ಬರ್ತೀನಿ ಜೊತೆಗೆ."

ಹೊಸಬರು ತಮ್ಮ ಸ್ವಂತ ಕಾರನ್ನೇ ತಂದು ಓಡಿಸುವ ದಿನಕ್ಕೆ ಹೆಸರು ಕೊಟ್ಟಿದ್ದಾಯಿತು. ಆ ದಿನ ಟ್ರ್ಯಾಕಿನ ಅಂಗಳದಲ್ಲಿ ನೆಲಕ್ಕೆ ಹೊಟ್ಟೆ ತಾಗುವಂತಹ ಕಾರುಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಅವುಗಳ ನಡುವೆ ಶಾಲೆಯ ಪುಟ್ಟ ಕಾರು ಬಂದು ನಿಂತಿತು. ನೆತ್ತಿಯ ಬೋರ್ಡನ್ನು ದರ್ಜಿ ಬಿಚ್ಚಿ ಮನೆಯಲ್ಲಿಟ್ಟಿದ್ದ. ಹಿಂದಿನ ಗಾಜಿನ ಮೇಲಿನ 'ಕಲಿಕೆಯ ವಾಹನ, ದೂರವಿರಿ' ಎಂಬ ಚೀಟಿ ಮಾತ್ರ ಎಷ್ಟು ಕೆರೆದರೂ ಬಂದಿರಲಿಲ್ಲ. ಅದನ್ನು ಓದಿದವರು ತಮ್ಮ ಕಾರುಗಳನ್ನು ಸ್ವಲ್ಪ ಆಚೆ ನಿಲ್ಲಿಸಿದರು. ಬ್ರೇಕಮ್ಮನ ಮುಖದಲ್ಲಿ ಮಾತ್ರ ಮೇಷ್ಟರ ಗತ್ತು.

ಎಡಬಲ ಎಲ್ಲರನ್ನೂ ಸೇರಿಸಿ ನಿಯಮ ಹೇಳಿದಳು. "ಹಾರ್ನ್ ಹೊಡೀಬಾರ್ದು. ಹಿಂದೆ ವೇಗವಾಗಿ ಬರೋರು ಇದ್ರೆ ಮುಂದಿನವರಿಗೆ ನೀಲಿ ಬಾವುಟ ತೋರಿಸ್ತೀವಿ, ದಾರಿ ಬಿಟ್ಕೊಡಿ. ತೀರಾ ನಿಧಾನ ಹೋದ್ರೂ ಅಪಾಯನೇ. ಅಂಥವರಿಗೆ ಒಂದ್ಸಲ ಎಚ್ಚರಿಕೆ, ಆಮೇಲೆ ಇಳಿಸ್ಬಿಡ್ತೀವಿ." ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದಿತ್ತು. ದರ್ಜಿ ಹೆಲ್ಮೆಟ್ ಹಾಕಿಕೊಂಡು ಕೂತ. ಅಳತೆಯ ಟೇಪನ್ನು ಕೊರಳಿಂದ ತೆಗೆಯುವುದನ್ನು ಮರೆತಿದ್ದ.

ಮೊದಲ ಸರದಿಯ ಕಥೆ ಕೇಳಬೇಡಿ. ಬ್ರೇಕಮ್ಮ ಆಕ್ಸಿಲರೇಟರ್ ಒತ್ತಿದಳು. ಕಾರು ಮುನ್ನುಗ್ಗಿತು. ದರ್ಜಿಯ ಎದೆ ಡವಗುಟ್ಟಿತು. ಎದೆ ಡವಗುಟ್ಟಿದರೆ ಅವನ ಕಾಲು ಸುಮ್ಮನಿರುವುದಿಲ್ಲ. ಕಾಲಡಿಗೆ ಎರಡನೇ ಬ್ರೇಕಿನ ಪೆಡಲ್ ಬೇರೆ ಸಿಕ್ಕಿಬಿಟ್ಟಿತ್ತು. ತುಳಿದ, ಬಿಟ್ಟ, ತುಳಿದ, ಬಿಟ್ಟ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಅವಳು ಓಡಿಸುವುದು, ಇವನು ನಿಲ್ಲಿಸುವುದು. ಕಾರು ಟ್ರ್ಯಾಕಿನುದ್ದಕ್ಕೂ ಹೊಲಿಗೆಯ ಹಾಗೆ ದೊಡ್ಡ ದೊಡ್ಡ ಟಾಕಿ ಹಾಕುತ್ತ ಸಾಗಿತು. ಹಿಂದೆ ಬಂದವರಿಗೆಲ್ಲ ಬ್ರೇಕಮ್ಮ ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ಬೇರೆ ಬೀಸಿ, ಮದುವೆಮನೆಯ ಯಜಮಾನಿಯಂತೆ ಮುಂದೆ ಕಳಿಸಿಕೊಟ್ಟಳು. ಒಬ್ಬ ಎರಡು ಸಲ ದಾಟಿಹೋದ.

ಇಳಿದಾಗ ಎಡಬಲ ಹತ್ತಿರ ಬಂದು ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಗುರುವಿಗೆ ಹೇಳುವುದು ಅವಳಿಗೂ ಕಷ್ಟವೇ.

"ಮೇಡಂ, ನೀಲಿ ಬಾವುಟದವನಿಗೆ ರಟ್ಟೆ ನೋಯ್ತಿದೆಯಂತೆ. ಮುಂದಿನ ಸರದಿಲೂ ಹೀಗಾದ್ರೆ ನಾನೇ ನಿಮ್ಮನ್ನ ಇಳಿಸ್ಬೇಕಾಗುತ್ತೆ."

ಶಿಷ್ಯೆಯ ಕೈಯಲ್ಲಿ ಇಳಿಸಿಕೊಂಡು ಹೋಗಿ, ನಾಳೆ ಯಾವ ಮುಖ ಹೊತ್ತು ಇನ್ನೊಬ್ಬರಿಗೆ ಓಡಿಸಲು ಕಲಿಸುವುದು? ಬ್ರೇಕಮ್ಮನಿಗೆ ಅಳು ಬಂದಂತಾಯಿತು. ಬಂದ ಅಳುವನ್ನು ಸಿಟ್ಟು ಮಾಡಿ ಗಂಡನ ಮೇಲೆ ಸುರಿದಳು.

"ಎಲ್ಲಾ ನಿಮ್ಮ ಕಾಲಿಂದ. ಇಳೀರಿ ಕೆಳಗೆ."

ದರ್ಜಿ ಇಳಿದು, ಬೇಲಿಯ ಹತ್ತಿರ ಹೋಗಿ ನಿಂತ.

ಈ ಸಲ ಅಡ್ಡಿಯೇ ಇಲ್ಲ. ಕಾರು ಹಗುರ, ದಾರಿ ನೇರ, ಎದುರಿಗೆ ಯಾರೂ ಇಲ್ಲ. ಬ್ರೇಕಮ್ಮ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಸದ್ದು ಸ್ವಲ್ಪ ಏರಿತು. ಅಷ್ಟರಲ್ಲಿ ಅವಳ ಪಾದ ಯಾರೂ ಹೇಳದೆ ಕೇಳದೆ ಬ್ರೇಕಿನ ಮೇಲೆ ಹೋಗಿ ಕೂತಿತು. ತೆಗೆದಳು, ಒತ್ತಿದಳು. ಮತ್ತೆ ಹೋಗಿ ಕೂತಿತು. ಕಾರಿನದು ಮತ್ತದೇ ಟಾಕಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ನೆಲವನ್ನು ಬೇಲಿಯ ಹತ್ತಿರ ಕಳಿಸಿಯಾಗಿತ್ತು, ದೂರಲು ಯಾರೂ ಉಳಿದಿರಲಿಲ್ಲ.

ಸತ್ಯ ಹೇಳಬೇಕೆಂದರೆ ಅವಳಿಗೆ ಹೆದರಿಕೆಯಾಗಿತ್ತು. ಖಾಲಿ ಸೀಟಿನ ಕಡೆ ನೋಡಿದಳು. ಎರಡನೇ ಬ್ರೇಕು ಅಲ್ಲಿ ಬಿಕೋ ಎನ್ನುತ್ತಿತ್ತು. ಸ್ಟೀರಿಂಗ್ ಹಿಡಿಯಲು ಬಾರದ ಹುಡುಗಿಯರು, ಕನ್ನಡಕ ಮರೆತು ಬಂದ ಅಜ್ಜಂದಿರು, ಎಡಬಲ ಗೊತ್ತಿಲ್ಲದ ಎಡಬಲ, ಎಲ್ಲರೂ ಇದೇ ಕಾರಿನಲ್ಲಿ ಎಷ್ಟು ಧೈರ್ಯವಾಗಿ ಒತ್ತುತ್ತಿದ್ದರು. ಅವರಿಗೆ ಆ ಧೈರ್ಯ ಎಲ್ಲಿಂದ ಬಂತು? ಪಕ್ಕದಲ್ಲಿ ಇವಳಿದ್ದಳು. ಇವಳ ಪಕ್ಕದಲ್ಲಿ ಇಷ್ಟು ವರ್ಷ ಹಾಗೆ ಯಾರೂ ಕೂತಿರಲಿಲ್ಲ. ಇವತ್ತು ಕೂತವನನ್ನು ಬೈದು ಇಳಿಸಿಬಿಟ್ಟಿದ್ದಳು.

ಎಡಬಲ ಇಳಿಸುವ ಬಾವುಟಕ್ಕೆ ಕೈ ಹಾಕುವ ಮೊದಲೇ ಬ್ರೇಕಮ್ಮ ತಾನಾಗಿ ಅಂಗಳಕ್ಕೆ ತಿರುಗಿಸಿ, ಬೇಲಿಯ ಹತ್ತಿರ ನಿಲ್ಲಿಸಿ ಬಾಗಿಲು ತೆರೆದಳು.

"ಬನ್ನಿ, ಕೂತ್ಕೊಳ್ಳಿ."

"ಮತ್ತೆ ತುಳಿದುಬಿಡ್ತೀನಲ್ಲೇ."

"ತುಳೀಲಿ ಅಂತಾನೇ ಕರೀತಿರೋದು. ಇವತ್ತು ನಿಲ್ಸೋ ಕೆಲಸ ನಿಮ್ದು. ನಾನು ಬ್ರೇಕ್ ಮುಟ್ಟೋದೇ ಇಲ್ಲ."

ದರ್ಜಿಯ ಮುಖ ಒಗೆದ ಬಟ್ಟೆಯಂತೆ ಬಿಳಿಚಿಕೊಂಡಿತು. "ಯಾವಾಗ ತುಳೀಬೇಕು ಅಂತ ನಂಗೇನು ಗೊತ್ತು?"

"ಷರಟಿಗೆ ತೋಳು ಜೋಡಿಸೋವಾಗ ಏನ್ಮಾಡ್ತೀರಿ?"

"ನೇರ ಇರೋ ಕಡೆ ಯಂತ್ರ ಓಡಿಸ್ತೀನಿ. ತಿರುವಿಗೆ ಮುಂಚೇನೇ ನಿಧಾನ ಮಾಡ್ತೀನಿ. ಇಲ್ಲಾಂದ್ರೆ ಬಟ್ಟೆ ಸುಕ್ಕಾಗುತ್ತೆ."

"ಅಷ್ಟೇ ಇರೋದು. ಸುಕ್ಕಾಗದ ಹಾಗೆ ನೋಡ್ಕೊಳ್ಳಿ."

ದರ್ಜಿ ಕೂತ. ಸ್ವಲ್ಪ ಯೋಚಿಸಿ, ಕೊರಳಲ್ಲಿದ್ದ ಟೇಪನ್ನು ಮೊಣಕಾಲಿನಡಿ ಸುತ್ತಿ, ಎರಡು ತುದಿಗಳನ್ನೂ ಲಗಾಮಿನಂತೆ ಮೇಲಕ್ಕೆ ಎಳೆದು ಹಿಡಿದುಕೊಂಡ. ಬಿಟ್ಟರೆ ತಾನೇ ಕಾಲು ಇಳಿಯುವುದು. ಬ್ರೇಕಮ್ಮ ಅದನ್ನು ನೋಡಿಯೂ ನೋಡದಂತೆ ಗೇರ್ ಹಾಕಿದಳು.

ನೇರ ದಾರಿ ಬಂತು. ಬ್ರೇಕಮ್ಮ ಆಕ್ಸಿಲರೇಟರನ್ನು ತಳ ಮುಟ್ಟುವವರೆಗೆ ಒತ್ತಿದಳು. ಆ ಪೆಡಲಿಗೆ ತಳವಿದೆ ಎನ್ನುವುದೇ ಅವಳಿಗೆ ಅಂದು ಗೊತ್ತಾದದ್ದು. ಕಾರು ಕಿರುಚಿತು. ಡ್ಯಾಶ್‌ಬೋರ್ಡಿನ ಡಬ್ಬಿ ತನ್ನಷ್ಟಕ್ಕೆ ತೆರೆದುಕೊಂಡು ಹಳೆಯ ಕರವಸ್ತ್ರ, ಬಾಚಣಿಗೆ, ಯಾರೋ ಬಿಟ್ಟುಹೋಗಿದ್ದ ಕನ್ನಡಕವನ್ನು ದರ್ಜಿಯ ಮಡಿಲಿಗೆ ಸುರಿಯಿತು. ಅವನು ಟೇಪು ಬಿಡಲಿಲ್ಲ. "ಇನ್ನೂ ನೇರ ಇದೆ, ನೇರ ಇದೆ, ಓಡಿಸು," ಎನ್ನುತ್ತಿದ್ದವನು "ತೋಳು ಬಂತು," ಎಂದು ಟೇಪು ಸಡಿಲಿಸಿದ. ಕಾಲು ಮೆತ್ತಗೆ ಇಳಿಯಿತು. ಕಾರು ತಿರುವಿಗೆ ತಲೆಬಾಗಿ, ಒಂದು ಸುಕ್ಕೂ ಇಲ್ಲದೆ ಸುತ್ತಿಕೊಂಡು, ಮತ್ತೆ ನೇರಕ್ಕೆ ಬಂತು. ಬ್ರೇಕಮ್ಮನಿಗೆ ನಗು ಬಂತು, ಹೆಲ್ಮೆಟ್ಟಿನೊಳಗೆ ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಮುಂದೆ ಒಂದು ಕಾರು ಕಾಣಿಸಿತು. ಕಂಡದ್ದು ಹತ್ತಿರವಾಗುತ್ತಲೇ ಹೋಯಿತು. ನೀಲಿ ಬಾವುಟದವನು ಅಭ್ಯಾಸಬಲದಿಂದ ಬಾವುಟವನ್ನು ಇವಳ ಕಡೆ ಎತ್ತಿದ. ಹಿಂದೆ ನೋಡಿದರೆ ಯಾರೂ ಇಲ್ಲ. ಬಾವುಟ ಇಳಿಸಿ, ಕಣ್ಣುಜ್ಜಿ, ಮುಂದಿನ ಕಾರಿಗೆ ತೋರಿಸಿದ. ಮುಂದಿನವನು ದಾರಿ ಬಿಟ್ಟ. ಬ್ರೇಕಮ್ಮ ಇಂಡಿಕೇಟರ್ ಹಾಕಿ, ದಾಟಿ, ಇಂಡಿಕೇಟರ್ ತೆಗೆದಳು. 'ಕಲಿಕೆಯ ವಾಹನ, ದೂರವಿರಿ' ಎಂಬ ಚೀಟಿ ಓದಲು ಆ ಮನುಷ್ಯನಿಗೆ ಚೆನ್ನಾಗಿ ಅವಕಾಶವಾಯಿತು.

ಸರದಿ ಮುಗಿದು ನಿಂತಾಗ ಎಡಬಲ ಓಡಿಬಂದಳು. "ಮೇಡಂ, ತಿರುವಲ್ಲಿ ಎಷ್ಟು ಚೆನ್ನಾಗಿ ಬ್ರೇಕ್ ಹಿಡಿದ್ರಿ."

"ನಾನು ಹಿಡೀಲಿಲ್ಲಮ್ಮ. ನಾನು ಬರೀ ಓಡಿಸ್ದೆ," ಎಂದಳು ಬ್ರೇಕಮ್ಮ. ಆ ಮಾತು ಬಾಯಲ್ಲಿ ಎಷ್ಟು ರುಚಿಯಾಗಿತ್ತೆಂದರೆ ಇನ್ನೊಮ್ಮೆ ಹೇಳಿದಳು.

ಮರುದಿನ ಬೆಳಿಗ್ಗೆ ಅವಳು ಬೀಗದಕೈ ತೆಗೆದುಕೊಂಡು ಹೊರಗೆ ಬಂದು, ಎಂದಿನಂತೆ ಕೈಚೀಲ ಇಡಲು ಪಕ್ಕದ ಸೀಟಿನ ಬಾಗಿಲು ತೆರೆದಳು. ದರ್ಜಿ ಆಗಲೇ ಒಳಗೆ ಕೂತಿದ್ದ. ಅಂಗಡಿಗೆ ದಿನವೂ ನಡೆದೇ ಹೋಗುತ್ತಿದ್ದವನು. ಕೊರಳಲ್ಲಿ ಟೇಪು, ಪಾದ ಬ್ರೇಕಿನ ಮೇಲೆ.

"ಇದು ನನ್ನ ಸೀಟು," ಎಂದ. "ನೀನು ಆ ಕಡೆ ಹೋಗು."

ಅವಳು ಕಾರನ್ನು ಸುತ್ತುಹಾಕಿ ಆ ಕಡೆ ಹೋದಳು.