ಪವಿತ್ರನ್ ಮಾಷ್ ನಗಬೇಕಾದ ಮೂರು ಗಂಟೆ

ನಮ್ಮ ಪುಳಿಕ್ಕಡವು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ಓಣಂಗಳಿಗೆ ಮಾವೇಲಿಯ ಕಿರೀಟ ಮಾಡಿದವರು ಕ್ರಾಫ್ಟ್ ಕಲಿಸುವ ಪವಿತ್ರನ್ ಮಾಷ್. ಅಷ್ಟರಲ್ಲಿ ಒಂದು ಕಿರೀಟವೂ ಅವರ ತಲೆಯ ಮೇಲೆ ಕೂತದ್ದಿಲ್ಲ. ರಟ್ಟು ಕತ್ತರಿಸುವುದು ಅವರು, ಚಿನ್ನದ ಬಣ್ಣದ ಕಾಗದ ಅಂಟಿಸುವುದು ಅವರು, ರತ್ನದ ಜಾಗದಲ್ಲಿ ಬಳೆಚೂರು ಕೂರಿಸುವುದೂ ಅವರು. ಕಿರೀಟ ಹೊತ್ತು ಓಲೆಗೊಡೆಯ ಕೆಳಗೆ ಗತ್ತಿನಿಂದ ನಡೆಯುವುದು ಮಾತ್ರ ರಸಾಯನಶಾಸ್ತ್ರದ ಔಸೇಪ್ ಮಾಷ್.

ಕಾರಣ ಹೊಟ್ಟೆ. ವರ್ಷಕ್ಕೊಮ್ಮೆ ಪಾತಾಳದಿಂದ ಪ್ರಜೆಗಳನ್ನು ನೋಡಲು ಬರುವ ಮಾವೇಲಿಗೆ, ಅಂದರೆ ಬಲಿ ಚಕ್ರವರ್ತಿಗೆ, ನಮ್ಮ ಕಡೆ ಹೊಟ್ಟೆಯಿಲ್ಲದೆ ನಡೆಯುವುದಿಲ್ಲ. ಔಸೇಪ್ ಮಾಷರ ಹೊಟ್ಟೆ ಆ ಹುದ್ದೆಗೆಂದೇ ಅಳತೆ ತೆಗೆದು ಮಾಡಿದಂತಿತ್ತು. ಪವಿತ್ರನ್ ಮಾಷರೋ ಮಡಚಿಟ್ಟ ಕೊಡೆ. ಒಂದು ವರ್ಷ ಶಾಲೆ ತೆರೆದ ದಿನದಿಂದ ಓಣಂವರೆಗೆ ದಿನಾ ನಾಲ್ಕು ನೇಂದ್ರಬಾಳೆ, ಎರಡು ಮೊಟ್ಟೆ, ಒಂದು ಸೌಟು ತುಪ್ಪ ಎಂದು ಘೋರ ತಪಸ್ಸು ಮಾಡಿದರು. ವರವಾಗಿ ಸಿಕ್ಕಿದ್ದು ಕೆಮ್ಮು.

ಹೊಟ್ಟೆಗಿಂತ ದೊಡ್ಡ ಇನ್ನೊಂದು ಅಡ್ಡಿಯೂ ಇತ್ತು. ಪವಿತ್ರನ್ ಮಾಷ್ ಬೈಯುತ್ತಾರೆ. ಕೆಟ್ಟ ಮಾತು ಒಂದೂ ಬರುವುದಿಲ್ಲ, ಕೈ ಎತ್ತಿದವರೂ ಅಲ್ಲ. ಆದರೆ ಗೋಂದಿನ ಬಾಟಲಿಗೆ ಮುಚ್ಚಳ ಹಾಕದವರು, ಕಾಗದವನ್ನು ಗೆರೆ ಎಳೆಯದೆ ಕತ್ತರಿಸುವವರು, ನೂಲಿನ ತುದಿಯನ್ನು ಬಾಯಲ್ಲಿ ಕಡಿಯುವವರು, ಇವರನ್ನು ಸುಮ್ಮನೆ ಬಿಟ್ಟರೆ ಭೂಮಿ ತಿರುಗುವುದು ನಿಂತೀತು ಎಂಬುದು ಅವರ ನಂಬಿಕೆ. ಒಮ್ಮೆ ತನಿಖೆಗೆ ಬಂದ ಜಿಲ್ಲಾ ಶಿಕ್ಷಣಾಧಿಕಾರಿಯನ್ನೇ ಕಡತದ ದಾರವನ್ನು ಅಡ್ಡಾದಿಡ್ಡಿ ಕಟ್ಟಿದ್ದಕ್ಕೆ ನಿಲ್ಲಿಸಿ ತಿದ್ದಿ ಕಳುಹಿಸಿದವರು.

ಈ ವರ್ಷ ಓಣಂ ಪರೀಕ್ಷೆ ಮುಗಿಯಲು ಎರಡು ದಿನ ಇರುವಾಗ ಸಿಬ್ಬಂದಿ ಸಭೆ ಸೇರಿತು. ಟರ್ಮಿನ ಕೊನೆಯ ಸಭೆಗಳ ಅವಸ್ಥೆ ಗೊತ್ತಲ್ಲ. ಒಬ್ಬರ ಮಡಿಲಲ್ಲಿ ಉತ್ತರಪತ್ರಿಕೆಯ ಕಟ್ಟು, ಇನ್ನೊಬ್ಬರ ಕೈಯಲ್ಲಿ ಸೀರೆ ಅಂಗಡಿಯ ಚೀಟಿ. ಎಲ್ಲರ ಮನಸ್ಸೂ ಆಗಲೇ ಹತ್ತು ದಿನದ ರಜೆಯೊಳಗೆ ಒಂದು ಕಾಲಿಟ್ಟಾಗಿರುತ್ತದೆ. ಅಂಥ ಹೊತ್ತಿನಲ್ಲಿ ಪವಿತ್ರನ್ ಮಾಷ್ ಎದ್ದು ನಿಂತರು.

“ಈ ಸಲ ನಂಗೆ ಮಾವೇಲಿ ಬೇಕು, ಟೀಚರೇ.”

ಮುಖ್ಯೋಪಾಧ್ಯಾಯಿನಿ ವಿಲಾಸಿನಿ ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ಬೇಕು ಅಂದ್ರೆ?”

“ಬೇಕು ಅಂದ್ರೆ ಬೇಕು. ಬರೋ ಮೇ ತಿಂಗಳಲ್ಲಿ ನಾನು ರಿಟೈರು. ಆಮೇಲೆ ಕಿರೀಟನ ಪೆನ್ಶನ್ ಬುಕ್ಕಿಗೆ ಅಂಟಿಸ್ಕೊಳ್ಳೋದಾ?”

ಎಲ್ಲರೂ ಔಸೇಪ್ ಮಾಷರ ಕಡೆ ತಿರುಗಿದರು. ಸಿಂಹಾಸನಾರೂಢರು ನಿಟ್ಟುಸಿರು ಬಿಟ್ಟು ಹೇಳಿದರು: “ನಂದೇನೂ ತಕರಾರಿಲ್ಲಪ್ಪ. ಶುಗರ್ ಅಂತ ಡಾಕ್ಟ್ರು ನನ್ನ ಅರ್ಧ ಹೊಟ್ಟೆ ಕರಗಿಸಿಬಿಟ್ರು. ಉಳಿದದ್ದರಲ್ಲಿ ರಾಜ್ಯ ಆಳೋಕಾಗಲ್ಲ, ಪಂಚಾಯ್ತಿಯ ಒಂದು ವಾರ್ಡು ಆಳಬಹುದು.”

“ಹೊಟ್ಟೆಗೇನು, ದಿಂಬು ಕಟ್ಟಬಹುದು,” ಎಂದರು ವಿಲಾಸಿನಿ ಟೀಚರ್. “ಮುಖಕ್ಕೆ ಏನು ಕಟ್ಟೋದು ಮಾಷೇ? ಮಾವೇಲಿ ನಗಬೇಕು. ಹೋದ ವರ್ಷ ನೀವು ಕೊಡೆ ಹಿಡ್ಕೊಂಡು ಪಕ್ಕದಲ್ಲಿ ನಡೆದದ್ದಕ್ಕೇ ಎಂಟನೇ ಕ್ಲಾಸಿನ ಎರಡು ಮಕ್ಕಳು ಅತ್ತವು.”

“ನಗ್ತೀನಿ.”

“ಮೂರು ಗಂಟೆ ನಗಬೇಕು. ಒಂಬತ್ತೂವರೆಗೆ ಚೆಂಡೆ ಶುರು, ಹನ್ನೆರಡೂವರೆಗೆ ಊಟ. ಮೊದಲನೇ ಎಲೆ ಮುಂದೆ ಕೂತು ಮೊದಲನೇ ತುತ್ತು ಬಾಯಿಗೆ ಇಡೋ ತನಕ ಒಬ್ಬರನ್ನೂ ಬೈಯೋ ಹಾಗಿಲ್ಲ. ಬೈದ್ರೋ, ಕಿರೀಟ ಅಲ್ಲೇ ಇಳೀಬೇಕು, ಔಸೇಪ್ ಮಾಷ್ ತಲೆಗೆ ಹೋಗ್ಬೇಕು. ಒಪ್ಪಿಗೆನಾ?”

“ಮಾತು ಕೊಟ್ಟೆ,” ಎಂದರು ಪವಿತ್ರನ್ ಮಾಷ್. ಕೂರುವ ಮುಂಚೆ ಸಭೆಯ ನಡಾವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಎಳೆದ ಅಂಚಿನ ಗೆರೆ ಸೊಟ್ಟಗಿದೆ ಎಂದೂ ಹೇಳಿದರು.

ಬಾಗಿಲು ಹಾಕಿ ನಡೆಸಿದ ಸಭೆ ಅದು. ಮುಂದಿನ ಗಂಟೆ ಹೊಡೆಯುವಷ್ಟರಲ್ಲಿ ಹತ್ತನೇ ಬಿ ತರಗತಿಗೆ ಷರತ್ತು ಅಕ್ಷರಶಃ ಗೊತ್ತಾಗಿತ್ತು. ಆ ತರಗತಿಯ ಲೀಡರು ಫಿದಾ ಎಂಬ ಹುಡುಗಿ. ನಾಲಿಗೆಗೆ ಮೂಳೆ ಇಡಲು ದೇವರು ಮರೆತದ್ದಲ್ಲ, ಹೆದರಿದ್ದು.

ಮುಂದಿನ ದಿನಗಳಲ್ಲಿ ಪವಿತ್ರನ್ ಮಾಷ್ ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸಕ್ಕೆ ನಿಂತರು. ಅವರ ಹೆಂಡತಿ ಪ್ರಸನ್ನ ಬಸ್ಸಿನಲ್ಲಿ ಸಿಕ್ಕಾಗ ನನ್ನನ್ನು ಕೇಳಿದರು: “ಇವರಿಗೆ ಹಲ್ಲುನೋವಾ ಮಾಷೇ? ಕೇಳಿದ್ರೆ ಹೇಳಲ್ಲ. ಬೆಳಗ್ಗೆ ಎದ್ದು ಬಾಯಿ ಕಿಸಿದು ನಿಂತಿರ್ತಾರೆ. ಲವಂಗದೆಣ್ಣೆ ಕೊಟ್ಟೆ, ಅದಕ್ಕೂ ಹಾಗೇ ಮಾಡಿದ್ರು.”

ಶುಕ್ರವಾರ ಬಂತು. ಗುಂಡ್ಲುಪೇಟೆಯಿಂದ ಲಾರಿಯಲ್ಲಿ ಬಂದ ಚೆಂಡುಹೂವಿನ ಚೀಲಗಳು ವರಾಂಡದಲ್ಲಿ ಸಾಲಾಗಿ ಬಿದ್ದಿದ್ದವು. ಮೊನ್ನೆವರೆಗೆ ಬೀಜಗಣಿತಕ್ಕೆ ತಲೆ ಚಚ್ಚಿಕೊಂಡ ಹುಡುಗರು ಬಿಳಿ ಮುಂಡು ಉಟ್ಟು, ಅದು ಯಾವಾಗ ಬಿದ್ದೀತೋ ಎಂಬ ಭಯದಲ್ಲಿ ಒಂದು ಕೈ ಸೊಂಟದ ಮೇಲೇ ಇಟ್ಟು ಓಡಾಡುತ್ತಿದ್ದರು. ಹೊಲಿಗೆ ಕೋಣೆಯಲ್ಲಿ ಮಹಾರಾಜರ ಶೃಂಗಾರ ನಡೆಯಿತು. ಎರಡು ದಿಂಬುಗಳ ಬೂರುಗದ ಹತ್ತಿ ಒಂದೇ ಹೊಟ್ಟೆಯಾಯಿತು. ಅದರ ಮೇಲೆ ಜರಿ ಶಾಲು, ಮೂಗಿನ ಕೆಳಗೆ ಒಂದು ಗೇಣು ಮೀಸೆ, ಎಲ್ಲದರ ಮೇಲೆ ಇಪ್ಪತ್ತಮೂರನೆಯ ಕಿರೀಟ. ಅದನ್ನು ಈ ಸಲ ಅವರು ತಮ್ಮದೇ ತಲೆಯ ಸುತ್ತಳತೆಗೆ ಮಾಡಿಕೊಂಡಿದ್ದರು. ಹೊರಗೆ ಬಂದಾಗ ಒಂದು ಕ್ಷಣ ನನಗೂ ಕೈ ಮುಗಿಯಬೇಕೆನಿಸಿತು. ಅಷ್ಟರಲ್ಲಿ ಅವರು ನಕ್ಕರು. ಕೈ ಮುಗಿಯಲಿಲ್ಲ.

ಚೆಂಡೆ ಗುಡುಗಿತು. “ಆರ್ಪೋಯ್!” ಎಂದು ಒಬ್ಬ ಕೂಗಿದ, “ಇರ್ರೋ ಇರ್ರೋ!” ಎಂದು ಆರುನೂರು ಗಂಟಲು ಉತ್ತರ ಕೊಟ್ಟವು. ಮಹಾರಾಜರು ಪ್ರಜೆಗಳ ಹೂವಿನ ರಂಗವಲ್ಲಿಗಳನ್ನು, ಅಂದರೆ ತರಗತಿಗೊಂದರಂತೆ ಹಾಕಿದ ಪೂಕ್ಕಳಗಳನ್ನು, ನೋಡಲು ಹೊರಟರು. ಹಿಂದೆ ನಾವು ಸಾಮಂತರು. ಔಸೇಪ್ ಮಾಷ್ ಷರತ್ತಿನ ಪ್ರಕಾರ ಕೈಗೆ ಸಿಗುವಷ್ಟು ದೂರದಲ್ಲೇ ನಡೆಯುತ್ತಿದ್ದರು.

ಎಂಟನೇ ಎ ಹಾಕಿದ ವೃತ್ತ ಕೋಳಿಮೊಟ್ಟೆಯ ಆಕಾರದಲ್ಲಿತ್ತು. ಮಾಷ್ ನಕ್ಕರು. ಎಂಟನೇ ಸಿ ಹೂವು ಸಾಲದೆ ಮರದ ಹೊಟ್ಟಿಗೆ ಬಣ್ಣ ಹಾಕಿ ತುಂಬಿತ್ತು. ನಕ್ಕರು. ಒಂಬತ್ತನೇ ಬಿಯವರು ಹೊಸದಾಗಿ ಸುಣ್ಣಬಣ್ಣ ಕಂಡ ಗೋಡೆಗೆ ಅಂಟುಪಟ್ಟಿ ಹಚ್ಚಿ ತೋರಣ ಕಟ್ಟಿದ್ದರು. ತೋರಣ ಜೋತಾಡುತ್ತಿತ್ತು, ಅಂಗೈಯಗಲ ಸುಣ್ಣವೂ ಅದರ ಜೊತೆಗೇ ಜೋತಾಡುತ್ತಿತ್ತು. ಮಾಷರ ಮೀಸೆ ನಡುಗಿತು. ನಗು ಮಾತ್ರ ಬೀಳಲಿಲ್ಲ. ಅಂಗಳದಲ್ಲಿ ಹಗ್ಗಜಗ್ಗಾಟಕ್ಕೆ ಹಗ್ಗದ ನಡು ಎಂದು ಕಟ್ಟಿದ ಕೆಂಪು ಬಟ್ಟೆ ನಡುವಿನಿಂದ ಒಂದು ಮೊಳ ಆಚೆಗಿತ್ತು. ಅದನ್ನು ಕಂಡು ಅವರು ಎಷ್ಟು ಜೋರಾಗಿ ನಕ್ಕರೆಂದರೆ ಹಗ್ಗ ಹಿಡಿದವರು ಕೈ ಬಿಟ್ಟರು.

ಅಷ್ಟು ಹೊತ್ತಿಗೆ ಶಾಲೆಗೆಲ್ಲ ಸುದ್ದಿ ಹಬ್ಬಿತ್ತು. ಹುಲಿಗೆ ಇವತ್ತು ಹಲ್ಲಿಲ್ಲ. ಮಕ್ಕಳು ಮುತ್ತಿಕೊಂಡರು.

“ಮಾವೇಲೀ, ಜುಲೈಲಿ ಕಳೆದುಹೋದ ದೊಡ್ಡ ಕತ್ತರಿ ಇತ್ತಲ್ಲ, ಅದು ಬಾವಿಗೆ ಬಿದ್ದದ್ದು ನನ್ನ ಕೈಯಿಂದ.”

“ಆಗ್ಲಿ ಮಗೂ,” ಎಂದರು ಮಾಷ್. ಕುತ್ತಿಗೆಯ ನರ ಎದ್ದು ನಿಂತಿತ್ತು.

“ಮಾವೇಲೀ, ನಾನು ಕೊಟ್ಟ ಕಸೂತಿ ಕರವಸ್ತ್ರ ಅಂಗಡೀದು.”

“ಸಂತೋಷ.”

“ಮಾವೇಲೀ, ನಿಮ್ಮ ರಾಜ್ಯದಲ್ಲಿ ಮೇಲು ಕೀಳು ಇರ್ಲಿಲ್ಲ ಅಲ್ವಾ? ಹಾಗಾದ್ರೆ ಕ್ರಾಫ್ಟಿಗೆ ಎಲ್ರಿಗೂ ಎ ಪ್ಲಸ್ ತಾನೆ?”

ಮಹಾರಾಜರು ಕೈ ಎತ್ತಿ ಆಶೀರ್ವದಿಸಿದರು. ಎತ್ತಿದ ಕೈ ಮುಷ್ಟಿಯಾಗಿತ್ತು.

ಹನ್ನೊಂದೂಮುಕ್ಕಾಲಕ್ಕೆ ಹತ್ತನೇ ಬಿ. ಅಲ್ಲಿಯ ಪೂಕ್ಕಳ ಶಾಲೆಗೇ ಚೆಂದದ್ದು. ಎಂಟು ದಳದ ತಾವರೆ, ಏಳು ದಳ ಕಡೆದಿಟ್ಟಂತೆ ನೇರ. ಎಂಟನೆಯದು ಮಾತ್ರ ಎಡಕ್ಕೆ ವಾಲಿತ್ತು. ಕೈ ತಪ್ಪಿ ವಾಲಿದ್ದಲ್ಲ ಎಂಬುದು ಪಕ್ಕದಲ್ಲಿ ನಿಂತ ಫಿದಾಳ ಮುಖದಲ್ಲೇ ಬರೆದಿತ್ತು.

“ಮಾವೇಲೀ, ಆ ದಳ ಸ್ವಲ್ಪ ಸೊಟ್ಟ ಆಯ್ತಾ?”

“ಚೆ… ಚೆನ್ನಾಗಿದೆ, ಮಕ್ಕಳೇ.”

“ಎಷ್ಟು ಚೆನ್ನಾಗಿದೆ?”

“ಬಹಳ.”

“ಹಾಗಾದ್ರೆ ಪಕ್ಕದ್ದನ್ನೂ ಹಾಗೇ ಮಾಡಿಬಿಡ್ಲಾ?” ಎಂದು ಅವಳು ಹೆಬ್ಬೆರಳಿನಿಂದ ಏಳನೆಯ ದಳದ ಅಂಚನ್ನು ಮೆಲ್ಲನೆ ತಳ್ಳಿದಳು. ಪಕ್ಕದಲ್ಲಿ ಗೋಂದಿನ ಬಾಟಲಿ ಮುಚ್ಚಳವಿಲ್ಲದೆ ಬಿಸಿಲು ಕಾಯುತ್ತಿತ್ತು. ಯುದ್ಧದಲ್ಲಿ ಅಸ್ತ್ರ ಪ್ರಯೋಗಿಸುವವರು ಮೀಸಲು ಅಸ್ತ್ರವನ್ನೂ ಇಟ್ಟುಕೊಂಡಿರುತ್ತಾರಷ್ಟೆ.

ಔಸೇಪ್ ಮಾಷ್ ಕತ್ತು ಚಾಚಿದರು. ವಿಲಾಸಿನಿ ಟೀಚರ್ ಗಡಿಯಾರ ನೋಡಿದರು. ಪವಿತ್ರನ್ ಮಾಷರ ಹಣೆಯಿಂದ ಬೆವರು ಇಳಿದು ಮೀಸೆಯ ಒಂದು ತುದಿಯ ಅಂಟು ಬಿಟ್ಟಿತು. ಅದನ್ನು ಒತ್ತಿ ಹಿಡಿದು, “ಓಣಾಶಂಸೆ,” ಎಂದು ಹರಸಿ, ಬೆನ್ನು ತಿರುಗಿಸಿ ನಡೆದೇ ಬಿಟ್ಟರು. ಹತ್ತನೇ ಬಿ ಬಾಯಿ ತೆರೆದು ನಿಂತಿತು.

ವರಾಂಡದ ಕಂಬಕ್ಕೆ ಒರಗಿ ನನ್ನ ಕಿವಿಯಲ್ಲಿ ಹೇಳಿದರು: “ಅವಳಮ್ಮನಿಗೂ ನಾನೇ ಕಲಿಸಿದ್ದು. ಅವಳೂ ಥೇಟ್ ಹೀಗೇ. ಅಂಕುಡೊಂಕಿನ ವಂಶ.”

“ಮಾಷೇ, ಇದು ಬೈದ ಲೆಕ್ಕ ಅಲ್ವಾ?”

“ನಗ್ತಾ ಹೇಳಿದೆ,” ಎಂದರು. ನಿಜ, ನಗು ಮುಖದ ಮೇಲೇ ಇತ್ತು. ಇಳಿಸುವುದು ಹೇಗೆಂದು ಅವರಿಗೆ ಮರೆತುಹೋಗಿತ್ತು.

ಹನ್ನೆರಡೂ ಇಪ್ಪತ್ತಕ್ಕೆ ಊಟದ ಹಾಲಿಗೆ ಹೋದೆವು. ಆರುನೂರು ಮಕ್ಕಳು ಸಾಲಾಗಿ ನೆಲಕ್ಕೆ ಕೂತಿದ್ದರು. ಪ್ರಥಮನ್ ಪಾಯಸದ ಬೆಲ್ಲದ ವಾಸನೆ ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತಿತ್ತು. ನಡುವೆ ರಾಜರಿಗೆಂದು ಒಂದು ಮೇಜು, ಅದರ ಹಿಂದೆ ಒಂದು ಕುರ್ಚಿ. ಪವಿತ್ರನ್ ಮಾಷ್ ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕೂತರು. ಇಪ್ಪತ್ತೆರಡು ವರ್ಷ ಕಾದ ಕುರ್ಚಿ. ಇನ್ನು ಎಲೆ, ಅನ್ನ, ಒಂದು ತುತ್ತು. ಐದು ನಿಮಿಷವೂ ಇಲ್ಲ. ಎದುರು ಸಾಲಿನಲ್ಲಿ ಫಿದಾ ಸೋತ ಸೇನಾಪತಿಯ ಹಾಗೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು.

ಮೊದಲನೆಯ ಎಲೆ ಹಾಕುವ ಗೌರವ ನಮ್ಮಲ್ಲಿ ಮುಖ್ಯೋಪಾಧ್ಯಾಯಿನಿಯದು. ವಿಲಾಸಿನಿ ಟೀಚರ್ ಸೆರಗು ಸಿಕ್ಕಿಸಿಕೊಂಡು ಮೇಜಿನ ಎದುರುಗಡೆ ನಿಂತರು, ಕುಡಿಬಾಳೆಯ ಎಲೆಯನ್ನು ಒರೆಸಿದರು, ಭಕ್ತಿಯಿಂದ ಹಾಸಿದರು. ಎಲೆಯ ತುದಿ ಅವರ ಎಡಕ್ಕೆ ಬಂತು.

ಅಂದರೆ ಉಣ್ಣುವವರ ಬಲಕ್ಕೆ.

ಮಾಷ್ ಎಲೆ ನೋಡಿದರು. ನಕ್ಕರು. ಟೀಚರ್ ಉಪ್ಪು ಬಡಿಸಿದರು. ಮಾಷ್ ಇನ್ನೂ ನಕ್ಕರು. ಟೀಚರ್ ಬಾಳೆಕಾಯಿ ಚಿಪ್ಸು, ಬೆಲ್ಲ ಹಚ್ಚಿದ ಶರ್ಕರವರಟ್ಟಿ, ಶುಂಠಿಯ ಗೊಜ್ಜು ಒಂದೊಂದಾಗಿ ಇಟ್ಟರು, ಎಲ್ಲವೂ ತುದಿಯ ಕಡೆಗೆ, ಎಲ್ಲವೂ ಬಲಕ್ಕೆ. ಉಪ್ಪಿನಕಾಯಿಯ ಸೌಟು ಬಂದಾಗ ಮಾಷರ ಮುಖದ ನಗುವಿನೊಳಗೆ ಏನೋ ಒಂದು ಹೊಲಿಗೆ ಪಟ್ಟನೆ ಬಿಚ್ಚಿತು.

“ಏನ್ರೀ ಇದು!”

ಮಾಷ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

“ಎಲೆ ಹಾಕೋ ರೀತಿನಾ ಇದು? ತುದಿ ಎಡಕ್ಕೆ ಬರಬೇಕು ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು! ಮೂವತ್ತು ವರ್ಷ ಸರ್ವಿಸು ಮಾಡಿದ್ದೀರಿ, ಆರುನೂರು ಮಕ್ಕಳು ನೋಡ್ತಿದ್ದಾರೆ, ನೀವೇ ಹೀಗೆ ಕಲಿಸಿದ್ರೆ ಅವು ನಾಳೆ ಏನು ಮಾಡ್ತವೆ? ಬುಡದಿಂದ ಊಟ ಶುರು ಮಾಡ್ತವೆ! ಅಲ್ಲಿ ಗೋಡೆ ಸುಣ್ಣ ಕಿತ್ತರು, ಇಲ್ಲಿ ಹಗ್ಗದ ನಡು ಯಾವುದು ಅಂತ ಒಬ್ಬರಿಗೂ ಗೊತ್ತಿಲ್ಲ, ಕತ್ತರಿ ಬಾವಿಯೊಳಗೆ…”

ಅಷ್ಟರಲ್ಲಿ ಅವರಿಗೇ ಕೇಳಿಸಿತು. ಬಾಯಿ ತೆರೆದಂತೆಯೇ ನಿಂತಿತು. ಬಿಟ್ಟುಹೋದ ಮೀಸೆ ಶುಂಠಿಯ ಗೊಜ್ಜಿನೊಳಗೆ ಬಿತ್ತು.

ಯಾರೂ ನಗಲಿಲ್ಲ. ಹತ್ತನೇ ಬಿ ಕೂಡ. ವಿಲಾಸಿನಿ ಟೀಚರ್ ಕೆಂಪಾಗಿ, ಎಲೆಯ ಅಂಚು ಹಿಡಿದು, “ಅಯ್ಯೋ, ಎದುರಿಗೆ ನಿಂತು ಹಾಕಿದ್ನಲ್ಲ, ಗೊತ್ತಾಗ್ಲಿಲ್ಲ,” ಎಂದರು. “ತಪ್ಪು ನಂದೇ ಮಾಷೇ. ಇದನ್ನ ಲೆಕ್ಕಕ್ಕೆ ಹಿಡಿಯೋದು ಬೇಡ. ಕೂತ್ಕೊಳ್ಳಿ. ಇನ್ನೊಂದು ಎಲೆ ಹಾಕ್ತೀನಿ.”

“ಹೂಂ ಮಾಷೇ, ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎಂದರು ಔಸೇಪ್ ಮಾಷ್.

“ಕೂತ್ಕೊಳ್ಳಿ ಮಾಷೇ!” ಎಂದು ಎದುರು ಸಾಲಿನಿಂದ ಒಂದು ದನಿ. ಫಿದಾಳದು.

ಪವಿತ್ರನ್ ಮಾಷ್ ಕೂರಲಿಲ್ಲ. ಎರಡು ಕೈಯಿಂದ ಕಿರೀಟ ತೆಗೆದರು. “ಬೈದ್ರೆ ಇಳೀಬೇಕು ಅಂತ ಮಾತು. ತಪ್ಪು ಯಾರದಾದ್ರೇನು, ಬೈದದ್ದು ನಾನು,” ಎಂದು ಅದನ್ನು ಔಸೇಪ್ ಮಾಷರ ತಲೆಗೆ ಇಟ್ಟರು. ದೊಡ್ಡ ತಲೆ, ಕಿರೀಟ ಇಳಿಯಲಿಲ್ಲ, ಮೇಲೆ ಕೋಳಿಯ ಜುಟ್ಟಿನಂತೆ ನಿಂತಿತು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿಸಿ ಕೂರಿಸಿದರು. ಆಮೇಲೆ ಹತ್ತಿ ಹೊಟ್ಟೆಯನ್ನು ಹಾಗೇ ಹೊತ್ತುಕೊಂಡು, ಮಕ್ಕಳ ಸಾಲಿನ ಕಡೆ ನಡೆದರು. ಆರುನೂರು ತಲೆಗಳು ಅವರ ಜೊತೆಗೇ ತಿರುಗಿದವು. ಕುರ್ಚಿಯಲ್ಲಿ ಕೂತ ಹೊಸ ರಾಜನನ್ನು ಒಬ್ಬರೂ ನೋಡಲಿಲ್ಲ. ಮೂರು ವರ್ಷ ಅವರನ್ನು ಕಾಡಿದ ಹತ್ತನೇ ಬಿ ಯಾರೂ ಹೇಳದೆ ಎದ್ದು ನಿಂತಿತು.

ಫಿದಾ ಸರಿದು ಜಾಗ ಬಿಟ್ಟಳು. ಒಂದು ಎಲೆ ತಂದು, ಅವರ ಪಕ್ಕಕ್ಕೇ ಬಂದು ಮಂಡಿಯೂರಿ ಹಾಸಿದಳು. ತುದಿ ಎಡಕ್ಕೆ.

“ಸರಿ ಇದೆಯಾ ಮಾಷೇ?”

ಮಾಷ್ ಎಲೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ತಪ್ಪು ಸಿಗಲಿಲ್ಲ. ಅದರಿಂದ ಅವರಿಗೆ ಇನ್ನೂ ಕಿರಿಕಿರಿಯಾದಂತೆ ಕಂಡಿತು.

“ಒರೆಸಿದ್ದೀಯಾ?”

“ಒರೆಸಿದ್ದೀನಿ.”

“ಯಾವುದರಲ್ಲಿ?”

ಅವಳು ಹಬ್ಬಕ್ಕೆ ಉಟ್ಟ ಸೀರೆಯ ಸೆರಗನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡಳು. ಪವಿತ್ರನ್ ಮಾಷ್ ಬೆನ್ನು ನೇರ ಮಾಡಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.