ಮಾಸ್ತರರ ಸೋರೆ ಬಳ್ಳಿ

ಮೊನ್ನೆ ಗೋಡೆಗೆ ಬಳಿಯಲೆಂದು ಸುಣ್ಣದ ಹರಳಿಗೆ ನೀರು ಹಾಕಿದೆ. ಕೊತಕೊತ ಕುದ್ದು ಬಿಸಿ ವಾಸನೆ ಎದ್ದಿತು. ಆ ವಾಸನೆಗೆ ಪಕ್ಕದ ಮನೆಯ ವಿಜ್ಞಾನ ಮಾಸ್ತರರು ನೆನಪಾದರು...

ಎಂಬತ್ತರ ದಶಕ. ನಾವು ನರೋಣಾದಲ್ಲಿದ್ದೆವು. ಮಾಸ್ತರರ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಆಕೆ ಕರಜಗಿಯ ತವರಿನಿಂದ ತಂದಿದ್ದ ಸೋರೆ ಬೀಜಗಳಲ್ಲಿ ಉಳಿದವನ್ನೆಲ್ಲ ಅವರು ಹಿತ್ತಲಲ್ಲಿ ಊರಿದರು, ಮೊಳೆತದ್ದು ಒಂದೇ. ತವರಿನಲ್ಲೂ ಆ ತಳಿ ಅಳಿದಿತ್ತು. ಈ ಬಳ್ಳಿ ಕಾಯಿ ಕಟ್ಟದೆ ಒಣಗಿದರೆ ಮುಗಿಯಿತು. ಆದರೆ ಬೆರಳುದ್ದದ ಹೀಚುಗಳು ಒಂದೊಂದಾಗಿ ಕಪ್ಪಾಗಿ ಉದುರುತ್ತಿದ್ದವು. ಬೆಳಿಗ್ಗೆ ಹಿತ್ತಲಿಗೆ ಹೋಗಲು ನನಗೇ ಅಂಜಿಕೆಯಾಗುತ್ತಿತ್ತು.

ಮಾಸ್ತರರು ಶಾಲೆಯ ಸೂಕ್ಷ್ಮದರ್ಶಕ ತಂದು ಕಟ್ಟೆಯ ಮೇಲಿಟ್ಟರು. ಸಕ್ಕರೆ ನೀರಿಗೆ ಸುಣ್ಣದ ತಿಳಿ, ಕೇರಂ ಹಲಗೆಗೆ ಹಾಕುವ ಬೋರಿಕ್ ಪುಡಿ ಸ್ವಲ್ಪ ಬೆರೆಸಿ ಗಂಡು ಹೂವಿನ ಪರಾಗ ಉದುರಿಸಿ, ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದರು.

"ನೋಡ್ರಿ ವೈನಿ, ಕಾಳಿನಿಂದ ಕೊಳವಿ ಹೊಂಟದ. ಹೆಣ್ಣು ಹೂವಿನೊಳಗ ಇದು ಬೀಜದ ತನಕ ಹೋಗಬೇಕು, ಇಲ್ಲಂದ್ರ ಹೀಚು ಉದುರ್ತದ. ತುದಿಯಾಗಿಂದ ಸುಣ್ಣದ ಅಂಶ ಒಳಗ ಬರ್ತದ, ಕ್ಯಾಲ್ಸಿಯಂ ಅಯಾನು ಅಂತಾರ. ಬೆಳಿ, ತಿರುಗು, ನಿಲ್ಲು ಅಂತ ಹೇಳೋದು ಅದೇ. ಅಳತಿ ತಪ್ಪಿದ್ರ ಕೊಳವಿ ನಿಲ್ತದ, ಇಲ್ಲಾ ಒಡೀತದ."

"ಹೂವಿಗಿ ಸುಣ್ಣ ತಿನಸಾಕತ್ತಿ, ಎಲಿ ಅಡಿಕಿ ಯಾವಾಗೋ ಮಾಸ್ತರಾ?" ಎಂದರು ನಮ್ಮ ಅತ್ತೆ.

ಮಾಸ್ತರರು ನಕ್ಕು ಇನ್ನೊಂದು ಗಾಜಿನ ಮೇಲೆ ಬರೀ ನೀರು ಹಾಕಿ ತೋರಿಸಿದರು. ಪರಾಗದ ಕಾಳು ಉಬ್ಬಿತು, ತಟ್ಟನೆ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲಿತು. ಅತ್ತೆಗೆ ಕಣ್ಣು ಮಂಜು, ಅವರು ನೋಡಲಿಲ್ಲ.

ಬಳ್ಳಿ ಬುಡದಿಂದ ಹಳದಿಯಾಗುತ್ತ ಬಂತು. ಉಳಿದದ್ದು ಒಂದೇ ಹೆಣ್ಣು ಮೊಗ್ಗು. ಅದು ಅರಳಿದ ಸಂಜೆ ಮೋಡ ಕವಿದು ಎಲೆಯೂ ಅಲುಗುತ್ತಿರಲಿಲ್ಲ. ಮಾಸ್ತರರು ಹೂವಿಗೆ ಪರಾಗ ಮುಟ್ಟಿಸಿ, ಮಳೆ ತಾಗದಂತೆ ಮುಚ್ಚಲು ಕಾಗದ ತರಲೆಂದು ಒಳಗೆ ಹೋದರು. ಅಷ್ಟರಲ್ಲಿ ಅತ್ತೆ ಲಿಂಗಪೂಜೆ ಮುಗಿಸಿ, ಪೂಜೆಯ ನೀರಿನ ಬಟ್ಟಲು ಹಿಡಿದು ಬಂದರು.

"ಅತ್ತೀ, ಬ್ಯಾಡ್ರಿ!" ಎನ್ನುವಷ್ಟರಲ್ಲಿ ನೀರು ಹೂವಿನ ಬಾಯಿಗೆ ಬಿದ್ದಿತ್ತು.

"ಯಾಕ ಬ್ಯಾಡ? ನಮ್ಮ ಲಿಂಗಪ್ಪ ಕಾಯ್ತಾನ."

ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ಕೈಯ ಕಾಗದ ಮುದುಡಿತು. ಅವರು ಮುಂದೆ ಬಂದು ಬೊಗಸೆ ಒಡ್ಡಿದರು.

"ನನಗೂ ಒಂದೀಟು ಕೊಡ್ರಿ, ಅವ್ವಾರ."

ಕೆಲವೇ ದಿನಕ್ಕೆ ಆ ಹೀಚೂ ಕಪ್ಪಾಯಿತು. ಅತ್ತೆಗೆ ಗೊತ್ತಾಗುವ ಮೊದಲೇ ಮಾಸ್ತರರು ಅದನ್ನು ಕಿತ್ತು ಬಿಸಾಡಿದರು. ಮುಂದೆ ಒಂದು ದಿನ ಆಳಂದ ಸಂತೆಯಿಂದ ಎಳೆಯ ಸೋರೆಕಾಯಿ ತಂದು ಅತ್ತೆಯ ಕೈಗಿಟ್ಟರು.

"ನಿಮ್ಮ ನೀರಿಗಿ ಕಾಯಿ ಆತು ನೋಡ್ರಿ."

"ಹುಚ್ಚಪ್ಪಾ, ಬೀಜಕ್ಕ ಬಿಡಬೇಕಿತ್ತಲ್ಲೋ!"

"ಬೀಜಕ್ಕ ಇನ್ನೊಂದು ಬಿಟ್ಟೀನ್ರಿ."

ಅತ್ತೆ ಕಾಯಿಯನ್ನು ಕಣ್ಣಿಗೊತ್ತಿಕೊಂಡು ನನ್ನಿಂದ ಪಲ್ಯ ಮಾಡಿಸಿದರು. ಅವರಿಗೆ ಬಡಿಸಿ ನಾನು ಹಿತ್ತಲಿಗೆ ಹೋದೆ...

ನಿಜ ತಿಳಿಯದೆಯೇ ಅತ್ತೆ ಲಿಂಗೈಕ್ಯರಾದರು. ಅದೊಂದು ಶಿವನ ಕರುಣೆ. ಜೇವರ್ಗಿಗೆ ವರ್ಗವಾಗಿ ಹೋದ ಮಾಸ್ತರರು ಅಲ್ಲಿಯೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಸಂತೆಯಲ್ಲಿ ಸೋರೆಕಾಯಿಗೇನೂ ಬರವಿಲ್ಲ. ಆದರೆ ಆ ತಳಿಯ ಕಾಯನ್ನು ನಾನು ತಿಂದವಳಲ್ಲ. ಅದರ ರುಚಿ ಬಲ್ಲ ಗಂಡಹೆಂಡತಿ ಇಬ್ಬರೂ ಈಗಿಲ್ಲ.